ನಮ್ಮ ಟ್ರೆಡಿಷನಲ್ ಡ್ರೆಸ್ ಯಾವುದು ಮೇಡಂ?

ನವೆಂಬರ್ ಹತ್ತಿರ ಬಂತು ಅಂದ್ರೆ ಬಾಡಿಗೆ ಬಟ್ಟೆ ಅಂಗಡಿಗಳಿಗೆ ಸುಗ್ಗಿ. ಮೈಸೂರು ಪೇಟ, ಜರಿ ಪಂಚೆ, ಶಲ್ಯ, ಕೊಡವರ ಕುಪ್ಯ-ಚೇಲೆ, ಕನ್ನಡಿ ಕೂರಿಸಿದ ಲಂಬಾಣಿ ಲಂಗ. ದಿನಕ್ಕಿಷ್ಟು ಬಾಡಿಗೆ, ಇಷ್ಟು ಡೆಪಾಸಿಟ್, ಸಾರಿನ ಕಲೆ ಆದ್ರೆ ದಂಡ ಬೇರೆ. ಶಾಲೆಯ ವಾಟ್ಸಪ್ ಗ್ರೂಪಿನಲ್ಲಿ ಮೆಸೇಜು: "ನಾಳೆ ಟ್ರೆಡಿಷನಲ್ ಡೇ. ಯೂನಿಫಾರಂ ಬೇಡ. ಎಲ್ಲ ಮಕ್ಕಳೂ ನಮ್ಮ ಸಂಪ್ರದಾಯದ ಉಡುಪಿನಲ್ಲಿ ಬರತಕ್ಕದ್ದು. ಜೀನ್ಸ್, ಪ್ಯಾಂಟು-ಕೋಟು ಇತ್ಯಾದಿ ಪಾಶ್ಚಾತ್ಯ ಉಡುಪಿಗೆ ಅವಕಾಶವಿಲ್ಲ." ಕೆಳಗೆ ಅಪ್ಪ-ಅಮ್ಮಂದಿರ ಸಾಲು ಸಾಲು ಹೆಬ್ಬೆರಳು.

ಆ ಮೆಸೇಜಿನಲ್ಲಿರೋ "ನಮ್ಮ" ಅನ್ನೋ ಪದದ ಮೇಲೆ ನನ್ನದೊಂದು ತಕರಾರಿದೆ. ಇವತ್ತು ಅದನ್ನೇ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದೋರು ಓದಿ.

ಸ್ಟೇಷನರಿ ಅಂಗಡಿಯಲ್ಲಿ ಒಂದು ಚಾರ್ಟು ಸಿಗುತ್ತೆ, ನೀವೂ ನೋಡಿರ್ತೀರಿ. ಭಾರತದ ರಾಜ್ಯಗಳ ಉಡುಗೆ ತೊಡುಗೆ. ಒಂದು ರಾಜ್ಯಕ್ಕೆ ಒಂದು ಗಂಡು, ಒಂದು ಹೆಣ್ಣು. ಪಂಜಾಬಿಗೆ ಭಾಂಗ್ರಾ ಜೋಡಿ, ಬಂಗಾಳಕ್ಕೆ ಕೆಂಪಂಚಿನ ಬಿಳಿ ಸೀರೆ, ಕರ್ನಾಟಕಕ್ಕೆ ಪೇಟ ಇಟ್ಟ ಗಂಡಸು, ರೇಷ್ಮೆ ಸೀರೆಯ ಹೆಂಗಸು. ಮಕ್ಕಳು ಕತ್ತರಿಸಿ ಪ್ರಾಜೆಕ್ಟ್ ಪುಸ್ತಕಕ್ಕೆ ಅಂಟಿಸ್ತಾರೆ, ಮಾರ್ಕ್ಸು ಬೀಳುತ್ತೆ. ಒಂದು ಇಡೀ ರಾಜ್ಯಕ್ಕೆ ಒಂದೇ ಜೋಡಿ. ಆ ಜೋಡಿ ಯಾವ ಬೀದಿಯವರು? ಆ ಪೇಟ ಇಟ್ಟ ಗಂಡಸು ಎಂದಾದ್ರೂ ಕೆಸರು ಗದ್ದೆಗೆ ಇಳಿದಿದ್ದನಾ? ಚಾರ್ಟಿನಲ್ಲಿ ಯಾರ ಬಟ್ಟೆಯ ಮೇಲೂ ಮಣ್ಣಿಲ್ಲ, ಬೆವರಿಲ್ಲ, ತೇಪೆಯಂತೂ ಇಲ್ಲವೇ ಇಲ್ಲ. ಮೈಸೂರು ಪೇಟ ಅರಮನೆ ದರ್ಬಾರಿನ ಉಡುಪು. ದರ್ಬಾರಿನೊಳಗೆ ನಮ್ಮ ತಾತಂದಿರಿಗೆ ಏನು ಕೆಲಸ ಇತ್ತು? ಆ ಪೇಟ ಈಗ ಅವರ ಮರಿಮಕ್ಕಳ "ಸಂಪ್ರದಾಯ" ಆಗಿಬಿಟ್ಟಿದೆ.

ಮೊನ್ನೆ ಮಗಳಿಗೆ ಶಾಲೆಯಿಂದ ಹೋಂವರ್ಕ್ ಕೊಟ್ಟಿದ್ರು. ಆರನೇ ಕ್ಲಾಸು. "ನಿಮ್ಮ ಸಮುದಾಯದ ಸಾಂಪ್ರದಾಯಿಕ ಉಡುಪಿನ ಬಗ್ಗೆ ಹಿರಿಯರನ್ನು ಕೇಳಿ ಐದು ವಾಕ್ಯ ಬರೆಯಿರಿ, ಚಿತ್ರ ಅಂಟಿಸಿ." ಶಾಲೆ ಹೆಸರು ಬೇಡ, ಅದೊಂದೇ ಶಾಲೆಯ ಕತೆ ಅಲ್ಲ ಇದು. ಹಿರಿಯರನ್ನು ಕೇಳಿ ಅಂದಿದ್ದಾರಲ್ಲ, ಅವಳು ಹೋಗಿ ಅವರಜ್ಜಿ, ಅಂದ್ರೆ ನಮ್ಮವ್ವನ ಪಕ್ಕ ಕೂತಳು. ನಮ್ಮವ್ವ ಹೇಳಿದ್ದನ್ನ ಹಂಗಂಗೇ ಇಲ್ಲಿ ಇಡ್ತೀನಿ:

"ನಮ್ದು ಅಂತ ಎಂಥ ಬಟ್ಟೆ ಮಗಾ. ಯುಗಾದಿಗೆ ಗೌಡ್ರ ಮನೆಯಿಂದ ಒಂದು ಸೀರೆ ಬರದು, ಅವ್ವಾರು ಉಟ್ಟು ಸವೆಸಿದ್ದು. ಅಂಚು ಚೆನ್ನಾಗಿದ್ರೆ ಅಂಚು ಕಿತ್ಕಂಡು ಮಿಕ್ಕಿದ್ದು ಕೊಡೋರು. ಉಡೋವಾಗ ಮಂಡಿಯಿಂದ ಕೆಳಕ್ಕೆ ಬಿಡಂಗಿರ್ಲಿಲ್ಲ, ಬಿಟ್ರೆ 'ಏನೇ, ದೊರೆಸಾನಿ ಆಗ್ಬುಟ್ಯಾ' ಅನ್ನೋರು. ರವಿಕೆ ಅಂತ ಹೊಲ್ಸಿದ್ದು ನನ್ ಮದ್ವೆಗೇ ಮೊದ್ಲು. ನಮ್ಮತ್ತೆ ಸಾಯೋಗಂಟ ರವಿಕೆ ತೊಡ್ಲಿಲ್ಲ. ನಿಮ್ ತಾತ ಊರೊಳಕ್ಕೆ ಹೋಗ್ಬೇಕಾರೆ ಮೆಟ್ಟು ಕೈಲಿಡ್ಕಂಡು, ಹೆಗಲ ಮೇಲಿನ ಟವಲ್ಲು ಕಂಕುಳಿಗೆ ಹಾಕ್ಕಂಡು ಹೋಗೋರು. ಮಳೆಗಾಲಕ್ಕೆ ಗೋಣಿ ಕೊಪ್ಪೆ. ಒಂದ್ಸಲ ಯಾರೋ ಕೊಡೆ ಕೊಟ್ಟಿದ್ರು, ಗೌಡ್ರ ಬೀದೀಲಿ ಅದ್ನ ಬಿಚ್ಚಕ್ಕಾಗದೆ ನೆನ್ಕಂಡೇ ಬಂದ್ರು, ಕೊಡೆ ಕಂಕುಳಲ್ಲೇ ಇತ್ತು."

ಮಗಳು ಇದನ್ನು ಐದು ವಾಕ್ಯ ಮಾಡಿ ಬರೆದಳು. ಚಿತ್ರದ ಜಾಗ ಖಾಲಿ ಬಿಟ್ಟಳು, ಯಾಕಂದ್ರೆ ನಮ್ಮ ತಾತಂದು ಒಂದೇ ಒಂದು ಫೋಟೋ ಇಲ್ಲ. ನಮ್ಮನೆಯಲ್ಲಿ ಫೋಟೋ ಅನ್ನೋದು ಶುರುವಾಗೋದೇ ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ಟಿನಿಂದ. ಪುಸ್ತಕ ವಾಪಸ್ ಬಂತು. ಕೆಂಪು ಇಂಕಿನಲ್ಲಿ: "ಇದು ಸಾಂಪ್ರದಾಯಿಕ ಉಡುಪಲ್ಲ. ನೆಟ್‌ನಲ್ಲಿ ನೋಡಿ ಸರಿಯಾಗಿ ಬರೆದು ಬಾ."

ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಬಿಎಡ್‌ನಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರೋದಿಲ್ಲ. ಆದ್ರೆ ಆ ಒಂದು ಸಾಲನ್ನ ಮಾತ್ರ ಬಿಡೋಕೆ ಆಗ್ತಿಲ್ಲ ನನಗೆ. "ಇದು ಸಾಂಪ್ರದಾಯಿಕ ಉಡುಪಲ್ಲ." ಅಲ್ಲ ಸ್ವಾಮಿ, ಇದಕ್ಕಿಂತ ಸಾಂಪ್ರದಾಯಿಕವಾದ್ದು ಇನ್ನು ಯಾವುದಿದೆ? ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೆದು ನೋಡಿ. ಚಂಡಾಲರಿಗೆ ಹೆಣದ ಮೇಲಿನ ಬಟ್ಟೆಯೇ ಬಟ್ಟೆ, ಕಬ್ಬಿಣವೇ ಒಡವೆ ಅಂತ ವಿಧಿ ಇದೆ. ಅಂಚು ಕಿತ್ತುಕೊಂಡ ಹಳೇ ಸೀರೆ ಅದೇ ವಂಶದ್ದು. ಪೇಟ ಒಂದು ಸಂಪ್ರದಾಯ ಆದ್ರೆ, ಪೇಟ ಇಡಬಾರದು ಅನ್ನೋದೂ ಅದೇ ಸಂಪ್ರದಾಯದ ಇನ್ನರ್ಧ. ಶಾಲೆ ಮೊದಲರ್ಧಕ್ಕೆ ಹತ್ತು ಮಾರ್ಕ್ಸ್ ಕೊಡುತ್ತೆ, ಎರಡನೇ ಅರ್ಧಕ್ಕೆ ಕೆಂಪು ಇಂಕು.

ನಮ್ಮವ್ವ ಹೇಳಿದ್ದು ಬರೀ ನಮ್ಮೂರಿನ ಮಾತು ಅಂತ ಅಂದ್ಕೋಬೇಡಿ. ಬಾಬಾಸಾಹೇಬರ "ಜಾತಿ ವಿನಾಶ" 1936ರ ಪುಸ್ತಕ. ಅದರಲ್ಲಿ ಇಂದೋರ್ ಸೀಮೆಯ ಬಲಾಯಿ ಜನರ ಪ್ರಸಂಗ ಬರುತ್ತೆ, 1928ರದ್ದು. ಅಲ್ಲಿನ ಮೇಲ್ಜಾತಿಯವರು ಹಳ್ಳಿ ಹಳ್ಳಿಯಲ್ಲಿ ಕಟ್ಟಳೆ ಹಾಕಿದರು: ಜರಿ ಅಂಚಿನ ಪೇಟ ಸುತ್ತಬಾರದು, ಬಣ್ಣದ ಅಂಚಿನ ಪಂಚೆ ಉಡಬಾರದು, ಹೆಂಗಸರು ಬೆಳ್ಳಿ ಬಂಗಾರ ಹಾಕಬಾರದು, ಅಂದದ ರವಿಕೆ ತೊಡಬಾರದು. ಅಂಚು ಅನ್ನೋದು ನೋಡಿ ಹೆಂಗೆ ಬಂತು. ಇಂದೋರಿನಲ್ಲೂ ಅಂಚು, ಹೇಮಾವತಿ ದಡದಲ್ಲೂ ಅಂಚು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ. 1930ರಲ್ಲಿ ತಮಿಳು ಸೀಮೆಯ ರಾಮನಾಡಿನಲ್ಲಿ ಆದಿದ್ರಾವಿಡರ ಮೇಲೆ ಎಂಟು ನಿಷೇಧ ಹೇರಿದರು. ಗಂಡಸರು ಮಂಡಿಯಿಂದ ಕೆಳಗೆ ಬಟ್ಟೆ ಇಳಿಸಬಾರದು, ಅಂಗಿ-ಬನಿಯನ್ ಹಾಕಬಾರದು, ಹೆಂಗಸರು ಎದೆ ಮುಚ್ಚಬಾರದು, ಕೊಡೆ ಹಿಡೀಬಾರದು, ಚಪ್ಪಲಿ ಮೆಟ್ಟಬಾರದು. ತಾತನ ಕಂಕುಳಲ್ಲಿದ್ದ ಆ ಕೊಡೆ ನೆನಪಾಯ್ತಾ?

ತಿರುವಾಂಕೂರಿನ ವಿಷಯ ಬಹಳ ಜನಕ್ಕೆ ಗೊತ್ತು. ನಾಡಾರ್ ಹೆಣ್ಣುಮಕ್ಕಳು ಮೇಲುಡುಗೆ ತೊಡೋ ಹಕ್ಕಿಗಾಗಿ ದಶಕಗಟ್ಟಲೆ ಹೊಡೆತ ತಿಂದರು, ಸಂತೆಯಲ್ಲಿ ಅವರ ಬಟ್ಟೆ ಹರಿದರು, ಮನೆ ಸುಟ್ಟರು. ಕೊನೆಗೆ 1859ರಲ್ಲಿ ಮಹಾರಾಜರು ಘೋಷಣೆ ಹೊರಡಿಸಿದರು: ಎದೆ ಮುಚ್ಚಿಕೊಳ್ಳಬಹುದು, ಆದ್ರೆ ಮೇಲ್ಜಾತಿ ಹೆಂಗಸರ ಥರ ಅಲ್ಲ. ಮೈ ಮುಚ್ಚೋಕೆ ಅನುಮತಿ ಕೊಡುವಾಗಲೂ ಅಂತರ ಕಾಯ್ದುಕೊಂಡ ಜನ ಅವರು.

ಈ ತಿರುವಾಂಕೂರಿನ ಪಾಠ ಒಂದು ಕಾಲಕ್ಕೆ ಶಾಲೆ ಪುಸ್ತಕದಲ್ಲೇ ಇತ್ತು! ಎನ್‌ಸಿಇಆರ್‌ಟಿಯ ಒಂಬತ್ತನೇ ಕ್ಲಾಸಿನ ಚರಿತ್ರೆ ಪುಸ್ತಕದಲ್ಲಿ ಉಡುಪಿನ ಸಾಮಾಜಿಕ ಇತಿಹಾಸ ಅಂತ ಒಂದು ಇಡೀ ಅಧ್ಯಾಯ. ಅದರೊಳಗೆ ಜಾತಿ ಸಂಘರ್ಷ ಮತ್ತು ಉಡುಪಿನ ಬದಲಾವಣೆ ಅನ್ನೋ ಭಾಗ. ತಮಿಳುನಾಡಿನ ಕೆಲವು ನಾಡಾರ್ ಸಂಘಟನೆಗಳು ತಮ್ಮ ಜನರ ಚಿತ್ರಣ ಸರಿ ಇಲ್ಲ ಅಂತ ಆಕ್ಷೇಪ ಎತ್ತಿದ್ದವು. ಆಕ್ಷೇಪ ಇದ್ರೆ ತಿದ್ದಿ ಬರೀಬಹುದಿತ್ತು. 2016ರ ಕೊನೆಗೆ ಸಿಬಿಎಸ್‌ಇ ಆ ಭಾಗವನ್ನೇ ಪಠ್ಯದಿಂದ ಕೈಬಿಟ್ಟು ಸುತ್ತೋಲೆ ಕಳಿಸಿತು. 2019ರಲ್ಲಿ ಮಕ್ಕಳ ಹೊರೆ ಕಮ್ಮಿ ಮಾಡ್ತೀವಿ ಅಂತ ಇಡೀ ಅಧ್ಯಾಯವನ್ನೇ ಎತ್ತಿ ಹಾಕಿದರು. ಹೊರೆ ಕಮ್ಮಿ ಆಯ್ತಂತೆ. ಆ ಹೊರೆ ಹೊತ್ತುಕೊಂಡು ಬಂದವರನ್ನ ಯಾರೂ ಕೇಳಲಿಲ್ಲ.

"ಅದೆಲ್ಲಾ ಹಳೇ ಕಾಲದ್ದು ಬಿಡಿ, ಈಗ ಯಾರು ಹಂಗೆ ಮಾಡ್ತಾರೆ" ಅಂತ ಕಾಮೆಂಟ್ ಹಾಕೋಕೆ ಕೈ ಎತ್ತಿದವರು ಒಂದು ನಿಮಿಷ ತಡೀರಿ. ನಾನು ಗುಮಾಸ್ತ. ಸೆಕ್ಷನ್ನು, ಉಪವಿಧಿ ಓದೋದು ಹೊಟ್ಟೆಪಾಡಿನ ಅಭ್ಯಾಸ. 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂತು, ಆಮೇಲೆ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಿಟ್ಟರು. ಅದರ 4ನೇ ಸೆಕ್ಷನ್‌ನಲ್ಲಿ ಬಾವಿ, ಹೋಟೆಲು, ರಸ್ತೆ, ಛತ್ರ ಎಲ್ಲಾ ಪಟ್ಟಿ ಮಾಡ್ತಾ ಬಂದು ಒಡವೆ ಮತ್ತು ಅಲಂಕಾರದ ಉಡುಪು ತೊಡೋದಕ್ಕೆ ಅಡ್ಡಿ ಮಾಡಿದ್ರೆ ಶಿಕ್ಷೆ ಅಂತ ಬರೆದಿದೆ. ಸರಿ, ಅದು ಎಪ್ಪತ್ತು ವರ್ಷದ ಹಿಂದಿನ ಮಾತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯ್ತು, 2016ರ ಜನವರಿ 26ರಿಂದ ಜಾರಿ. ಅದರಲ್ಲಿ ಹೊಸದಾಗಿ ಏನು ಸೇರಿಸಿದ್ರು ಗೊತ್ತಾ? ಪರಿಶಿಷ್ಟ ಜಾತಿ, ಪಂಗಡದವರು ಸಾರ್ವಜನಿಕ ಜಾಗದಲ್ಲಿ ಪಾದರಕ್ಷೆ ಅಥವಾ ಹೊಸ ಬಟ್ಟೆ ಹಾಕೋದಕ್ಕೆ, ಸೈಕಲ್ಲು ಮೋಟಾರ್‌ಸೈಕಲ್ಲು ಹತ್ತೋದಕ್ಕೆ, ಮದುವೆ ಮೆರವಣಿಗೆಯಲ್ಲಿ ಕುದುರೆ ಏರೋದಕ್ಕೆ ಅಡ್ಡಿ ಮಾಡಿದ್ರೆ ಅಪರಾಧ. ಬಲವಂತವಾಗಿ ಮೀಸೆ ಬೋಳಿಸಿದ್ರೆ ಅಪರಾಧ. ಹೊಸ ಬಟ್ಟೆ! ಕಾಯ್ದೆ ಬರೆಯೋರು ಕೂತು ಕತೆ ಕಟ್ಟೋದಿಲ್ಲ ಸ್ವಾಮಿ, ನಡೀತಿರೋದಕ್ಕೆ ಬರೀತಾರೆ. ಮಂಗಳಯಾನ ಆದ ಮೇಲೆ, ಈ ದೇಶದ ಪಾರ್ಲಿಮೆಂಟು ಕೂತು "ಹೊಸ ಬಟ್ಟೆ ಹಾಕೋದನ್ನ ತಡೀಬೇಡಿ" ಅಂತ ಬರೀಬೇಕಾಯ್ತು. ಬಟ್ಟೆ ಬಗ್ಗೆ ಪಾಠ ಮಾಡೋ ಯಾವ ಶಾಲೆಯಲ್ಲಾದ್ರೂ ಈ ಸಾಲನ್ನ ಓದಿಸಿದ್ದಾರಾ?

ಇನ್ನು ಆ ಮೆಸೇಜಿನ ಪಾಶ್ಚಾತ್ಯ ಉಡುಪಿನ ವಿಷಯಕ್ಕೆ ಬರ್ತೀನಿ. ಪ್ಯಾಂಟು-ಕೋಟಿಗೆ ಅವಕಾಶ ಇಲ್ಲ. ಅಂದ್ರೆ ನಮ್ಮ ಕೇರಿಯ ಹುಡುಗ ನೀಲಿ ಕೋಟು ಹಾಕ್ಕೊಂಡು, ಕೈಯಲ್ಲಿ ಪುಸ್ತಕ ಹಿಡ್ಕೊಂಡು ಬಾಬಾಸಾಹೇಬರಾಗಿ ಹೋದ್ರೆ ಗೇಟಿನಲ್ಲೇ ನಿಲ್ಲಿಸ್ತಾರೆ. ಅವನ ಸಂಪ್ರದಾಯ ಅದಲ್ಲವಂತೆ. ನನಗೆ ನಗು ಬರೋದು ಇಲ್ಲಿ. ಎಲ್ಲರೂ ಸಂಪ್ರದಾಯ ಅಂತ ಉಡೋ ಮೈಸೂರು ಸಿಲ್ಕು ಸೀರೆಯ ಫ್ಯಾಕ್ಟರಿ ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದದ್ದು. ಮಗ್ಗಗಳು ಸ್ವಿಟ್ಜರ್ಲೆಂಡಿನಿಂದ ಬಂದವು. ಅಂಬೇಡ್ಕರ್ ಓದೋಕೆ ನ್ಯೂಯಾರ್ಕಿಗೆ ಹಡಗು ಹತ್ತಿದ್ದು 1913ರಲ್ಲಿ. ಮೈಸೂರು ಸಿಲ್ಕಿಗೂ ಬಾಬಾಸಾಹೇಬರ ಆ ಓದಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಸ್ವಿಟ್ಜರ್ಲೆಂಡ್ ಮಗ್ಗದಲ್ಲಿ ಹುಟ್ಟಿದ ಸೀರೆ ನಮ್ಮ ಸಂಸ್ಕೃತಿ, ನಮ್ಮ ಊರಿನ ಟೈಲರು ಹೊಲಿದ ಕೋಟು ಪಾಶ್ಚಾತ್ಯ. ನೆರಿಗೆ ಹಿಡಿದು, ರವಿಕೆ-ಪೆಟಿಕೋಟ್ ಹಾಕಿ ಸೀರೆ ಉಡೋ ಈಗಿನ ಪದ್ಧತಿ ಹರಡಿದ್ದೂ ಹತ್ತೊಂಬತ್ತನೇ ಶತಮಾನದ ಕೊನೆಗೆ, ಟ್ಯಾಗೋರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ ತರಹದವರಿಂದ. ಇದನ್ನ ಹೇಳಿದ್ರೆ ಸೀರೆಗೇನೂ ಅವಮಾನ ಆಗಲ್ಲ. ಬದಲಾಗದೆ ಬಂದ ಬಟ್ಟೆ ಯಾವುದೂ ಇಲ್ಲ, ಬದಲಾಯಿಸೋ ಹಕ್ಕು ಯಾರಿಗಿತ್ತು ಅನ್ನೋದಷ್ಟೇ ಪ್ರಶ್ನೆ.

ಆ ಹಕ್ಕನ್ನ ನಮ್ಮವರು ಕೈಗೆ ತಗೊಂಡ ದಿನ ಒಂದಿದೆ. 1927ರ ಡಿಸೆಂಬರ್, ಮಹಾಡ್. ಡಿಸೆಂಬರ್ 25ಕ್ಕೆ ಮನುಸ್ಮೃತಿ ಸುಟ್ಟಿದ್ದು ಎಲ್ಲರಿಗೂ ಗೊತ್ತು, ಪ್ರತಿವರ್ಷ ನಾವು ಕಾರ್ಯಕ್ರಮ ಮಾಡ್ತೀವಿ. ಅದೇ ಪರಿಷತ್ತಿನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನ ಉದ್ದೇಶಿಸಿ ಆಡಿದ ಮಾತನ್ನ ಮಾತ್ರ ನಾವೂ ಅಷ್ಟಾಗಿ ನೆನೆಯಲ್ಲ. ನೋಡಿದ ಕೂಡಲೆ ಅಸ್ಪೃಶ್ಯರು ಅಂತ ಗುರುತು ಹತ್ತೋ ಹಾಗೆ ಸೀರೆ ಉಡಬೇಡಿ, ಮೇಲ್ಜಾತಿ ಹೆಂಗಸರ ಹಾಗೆ ಪೂರ್ತಿ ಇಳಿಬಿಟ್ಟು ಉಡಿ, ಮೈಮೇಲೆ ಹೇರಿಕೊಂಡಿರೋ ಆ ಭಾರದ ಗುರುತಿನ ಒಡವೆಗಳನ್ನ ಕಿತ್ತು ಹಾಕಿ ಅಂದರು. ಮಾರನೇ ದಿನವೇ ಹೆಂಗಸರು ಸೀರೆ ಉಡೋ ಶೈಲಿ ಬದಲಾಯಿಸಿಕೊಂಡು ಬಂದರು. ಒಂದು ಬೆಂಕಿಯಲ್ಲಿ ಹೆಣದ ಬಟ್ಟೆಯ ಕಟ್ಟಳೆ ಸುಟ್ಟರು, ಇನ್ನೊಂದು ಕಡೆ ಸೀರೆಯನ್ನ ಪಾದದ ತನಕ ಇಳಿಸಿದರು. ನಮ್ಮ ಉಡುಪಿನ ಚರಿತ್ರೆ ಅಂತ ಒಂದು ಪಾಠ ಬರೆದ್ರೆ ಅದು ಇಲ್ಲಿಂದ ಶುರುವಾಗಬೇಕು. ಪ್ರತಿ ಊರಿನ ಸರ್ಕಲ್‌ನಲ್ಲಿರೋ ಆ ನೀಲಿ ಕೋಟು ಆ ಪಾಠದ ಎರಡನೇ ಪುಟ. ಗಾಂಧೀಜಿ 1921ರಲ್ಲಿ ಮಧುರೈನಲ್ಲಿ ಅಂಗಿ ಬಿಟ್ಟು ತುಂಡು ಪಂಚೆ ಉಟ್ಟರು. ಅವರ ಹತ್ತಿರ ಬಿಡೋಕೆ ಅಂಗಿ ಇತ್ತು.

ಇದನ್ನ ಹೇಳುವಾಗ ನಮ್ಮ ಜಿಲ್ಲೆಯ ಅತಿ ಎತ್ತರದ ಮನುಷ್ಯ ನೆನಪಾಗ್ತಾನೆ. ಶ್ರವಣಬೆಳಗೊಳದ ಬಾಹುಬಲಿ. ಸಾವಿರ ವರ್ಷದಿಂದ ಮೈಮೇಲೆ ಒಂದು ನೂಲಿಲ್ಲದೆ ನಿಂತಿದ್ದಾನೆ, ಪ್ರಪಂಚದ ಜನ ಬಂದು ತಲೆ ಎತ್ತಿ ನೋಡ್ತಾರೆ, ನನಗೂ ಅವನ ಮೇಲೆ ಗೌರವ ಇದೆ. ಅವನು ರಾಜ್ಯ ಗೆದ್ದು ಬಿಟ್ಟವನು. ಅದೇ ಕರ್ನಾಟಕದಲ್ಲಿ ಸೊರಬದ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ಅಂತ ನಡೀತಿತ್ತು. ಅಲ್ಲಿ ಬೆತ್ತಲಾಗ್ತಿದ್ದ ಹೆಣ್ಣುಮಕ್ಕಳಲ್ಲಿ ಬಹುಪಾಲು ನಮ್ಮವರು, ಹಿಂದುಳಿದವರು. 1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯವರು ಹೋಗಿ ಬಟ್ಟೆ ಹಾಕಿಕೊಳ್ಳಿ ತಾಯಂದಿರೇ ಅಂತ ತಡೆದಾಗ ಗುಂಪು ತಿರುಗಿಬಿತ್ತು. ಕಾರ್ಯಕರ್ತರನ್ನ, ಪೊಲೀಸರನ್ನ, ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ಬೆತ್ತಲೆ ಮಾಡಿ ನಡೆಸಿದರು. ಆಮೇಲೆ ಸರ್ಕಾರ ಅದನ್ನ ನಿಷೇಧಿಸಿತು. ಆಗಲೂ ತಡೆಯೋಕೆ ಹೋದವರಿಗೆ ಕೇಳಿಸಿದ ಮಾತು ಇದೇ: ಇದು ನಮ್ಮ ಸಂಪ್ರದಾಯ, ಕೇಳೋಕೆ ನೀವ್ಯಾರು? ಆ ಪದ ಕೇಳಿದ್ರೆ ನನಗೆ ಮೈ ಯಾಕೆ ಉರಿಯುತ್ತೆ ಅಂತ ಈಗ ಅರ್ಥ ಆಗಿರಬೇಕು.

ನಮ್ಮ ಶೆಟ್ಟಿಹಳ್ಳಿಗೆ ಬನ್ನಿ. (ಹಾಸನ ಜಿಲ್ಲೆಯಲ್ಲಿ ಶೆಟ್ಟಿಹಳ್ಳಿ ಒಂದಲ್ಲ, ಹಲವು. ನಾನು ಹೇಳ್ತಿರೋದು ಹೇಮಾವತಿ ಹಿನ್ನೀರಿನದ್ದು, ಮುಳುಗೋ ಚರ್ಚಿನದ್ದು.) ಫ್ರೆಂಚ್ ಪಾದ್ರಿಗಳು ಕಟ್ಟಿದ ಚರ್ಚು, ಗೊರೂರು ಅಣೆಕಟ್ಟೆ ಆದ ಮೇಲೆ ಮಳೆಗಾಲಕ್ಕೆ ನೀರೊಳಗೆ, ಬೇಸಿಗೆಗೆ ಹೊರಗೆ. ಈಗ ಅದು ಪ್ರೀ-ವೆಡ್ಡಿಂಗ್ ಶೂಟಿಂಗ್ ಜಾಗ. ಭಾನುವಾರ ಬಂದ್ರೆ ಕಾರು ಸಾಲು ನಿಲ್ಲುತ್ತೆ. ಒಂದು ಡ್ರೆಸ್ಸು ಬಿಳಿ ಗೌನು, ಆಮೇಲೆ ಲೆಹೆಂಗಾ, ಕೊನೆಗೆ ಒಂದು "ವಿಲೇಜ್ ಲುಕ್": ಚೌಕಳಿ ಲುಂಗಿ, ಎತ್ತಿ ಕಟ್ಟಿದ ಸೀರೆ, ಹುಡುಗಿ ಸೊಂಟದಲ್ಲಿ ಮಣ್ಣಿನ ಕೊಡ. ಪಾಪ ಅವರ ಮದುವೆ, ಚೆನ್ನಾಗಿರಲಿ. ಆದ್ರೆ ಒಂದು ಸಲ ಅಲ್ಲೇ ಆಡು ಮೇಯಿಸ್ತಿದ್ದ ನಮ್ಮ ಕೇರಿಯ ಮುದುಕಿಗೆ ಕ್ಯಾಮೆರಾದವನು "ಅಜ್ಜಿ, ಸ್ವಲ್ಪ ಆ ಕಡೆ ಹೋಗಿ, ಫ್ರೇಮಿಗೆ ಬರ್ತಿದ್ದೀರಿ" ಅಂದ. ಅವಳ ಸೀರೆಯೂ ಎತ್ತಿ ಕಟ್ಟಿದ್ದೇ. ಅದೇ ಸೀರೆ, ಅದೇ ಕಟ್ಟು. ಬಾಡಿಗೆಯದ್ದು ಚಿತ್ರದೊಳಗೆ, ಸ್ವಂತದ್ದು ಹೊರಗೆ.

ಲಂಬಾಣಿ ಉಡುಪಿನ ಕತೆಯೂ ಇದೇ. 2023ರಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ನಾನೂರೈವತ್ತಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಆಯ್ತು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಇದೆ. ಇದೆಲ್ಲಾ ಹೆಮ್ಮೆಯೇ. ಆದ್ರೆ ಅದೇ ಲಂಗ ಉಟ್ಟ ತಾಂಡಾದ ಅಜ್ಜಿ ಬಸ್ಸು ಹತ್ತಿದ್ರೆ ಜನ ಹೆಂಗೆ ನೋಡ್ತಾರೆ ಅನ್ನೋದು ಕೆಂಪು ಬಸ್ಸಿನಲ್ಲಿ ಓಡಾಡೋ ನಮಗೆ ಗೊತ್ತು. ಆ ನೋಟ ತಾಳಲಾರದೆ ಎಷ್ಟೋ ತಾಂಡಾಗಳ ಹೆಣ್ಣುಮಕ್ಕಳು ಅದನ್ನ ಬಿಟ್ಟು ಸೀರೆಗೆ ಬಂದರು. ಅವರು ಬಿಟ್ಟ ಮೇಲೆ ಅದು ಬಾಡಿಗೆ ಅಂಗಡಿಯ ಹ್ಯಾಂಗರಿಗೆ ಏರಿತು. ಈಗ ನವೆಂಬರ್ ಒಂದಕ್ಕೆ ಅದನ್ನ ಹಾಕ್ಕೊಂಡು ಕುಣಿಯೋ ಮಗುವಿಗೆ ಅದರ ಹೆಸರು ಬಿಟ್ಟು ಬೇರೇನು ಹೇಳಿಕೊಟ್ಟಿರ್ತಾರೆ? 2021ರ ನವೆಂಬರಿನಲ್ಲಿ ಹಾಲಕ್ಕಿ ತಾಯಿ ತುಳಸಿ ಗೌಡರು ಬರಿಗಾಲಲ್ಲಿ ಪದ್ಮಶ್ರೀ ತಗೊಂಡಾಗ ದೇಶಕ್ಕೆ ದೇಶವೇ ಆ ಪಾದ ನೋಡಿ ಕಣ್ಣೀರಿಟ್ಟಿತು. ಆ ತಾಯಿಯ ಪಾದಕ್ಕೆ ನನ್ನದೂ ನಮಸ್ಕಾರ. ಮೆಟ್ಟು ಕೈಯಲ್ಲಿ ಹಿಡ್ಕೊಂಡು ಊರೊಳಗೆ ನಡೆದ ನಮ್ಮ ತಾತನ ಬರಿಗಾಲನ್ನ ಮಾತ್ರ ಯಾರೂ ಫೋಟೋ ತೆಗೆಯಲಿಲ್ಲ.

ಇನ್ನೊಂದು ವಿಷಯ, ಬರೆಯದಿದ್ರೆ ಹೊಟ್ಟೆ ಉಬ್ಬುತ್ತೆ. 2022ರ ಫೆಬ್ರವರಿ 5ಕ್ಕೆ ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿದಾಗ, ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು ಬಂದಾಗ, ಇದೇ ವಾಟ್ಸಪ್ ಗ್ರೂಪುಗಳಲ್ಲಿ ಎಂಥೆಂಥ ಭಾಷಣ ಓದಿದೆ ನಾನು! ಶಾಲೆ ಅಂದ್ರೆ ಸಮಾನತೆ, ಯೂನಿಫಾರಂ ಅಂದ್ರೆ ಸಮಾನತೆ, ಧರ್ಮ-ಜಾತಿಯ ಬಟ್ಟೆ ಗೇಟಿನ ಆಚೆ ಬಿಟ್ಟು ಬನ್ನಿ ಅಂತ. ತಲೆ ಮೇಲೆ ಒಂದು ಬಟ್ಟೆ ಇತ್ತು ಅಂತ ಹೆಣ್ಣುಮಕ್ಕಳು ಪರೀಕ್ಷೆ ಬಿಡಬೇಕಾಯ್ತು. ಅದೇ ಜನ ಈಗ "ಯೂನಿಫಾರಂ ಬೇಡ, ನಿಮ್ಮ ಸಮುದಾಯದ ಉಡುಪಿನಲ್ಲಿ ಬನ್ನಿ" ಅನ್ನೋ ಮೆಸೇಜಿಗೆ ಹೆಬ್ಬೆರಳು ಎತ್ತಿದ್ದಾರೆ. ಆ ದಿನ ಒಂದು ಮಗು ಬುರ್ಖಾ ಹಾಕ್ಕೊಂಡು ಬಂದ್ರೆ ಏನು ಮಾಡ್ತಾರೆ ಅಂತ ಕೇಳಿದೆ. ಗ್ರೂಪ್ ಅಡ್ಮಿನ್ ನನ್ನ ಮೆಸೇಜು ಡಿಲೀಟ್ ಮಾಡಿದರು.

ನನಗೆ ಕೇಳಿದ್ರೆ ನಮ್ಮ ಮಕ್ಕಳಿಗೆ ಯೂನಿಫಾರಮ್ಮೇ ಸಂಪ್ರದಾಯದ ಉಡುಪು. ತಮಾಷೆಗೆ ಹೇಳ್ತಿಲ್ಲ. ಇನ್ನೊಬ್ಬರು ಉಟ್ಟು ಬಿಟ್ಟಿದ್ದಲ್ಲದ, ಅಂಚು ಕೀಳದ, ಗೌಡರ ಮಗನದ್ದೂ ನನ್ನದೂ ಒಂದೇ ಬಣ್ಣದ ಬಟ್ಟೆ ಅಂತ ನಮ್ಮ ಮನೆತನಕ್ಕೆ ಮೊದಲು ಸಿಕ್ಕಿದ್ದು ಅದೇ. ಸರ್ಕಾರಿ ಶಾಲೆ ಮಕ್ಕಳಿಗೆ ಎರಡನೇ ಜೊತೆ ಸಮವಸ್ತ್ರ ಕೊಡಿಸೋಕೆ ಹೈಕೋರ್ಟಿನ ತನಕ ಹೋಗಬೇಕಾದ ರಾಜ್ಯ ಇದು. ಆ ಒಂದು ಜೊತೆ ಒಗೆದು ಒಣಗಿಸಿ ಹಾಕ್ಕೊಳ್ಳೋ ಮಗುವಿಗೆ ಒಂದು ದಿನದ ಪೇಟಕ್ಕೆ ಬಾಡಿಗೆ ತಾ ಅಂತೀರಲ್ಲ.

"ಹಂಗಾದ್ರೆ ಮಕ್ಕಳು ಬೇರೆ ಬೇರೆ ಸಂಸ್ಕೃತಿಯ ಉಡುಪು ತಿಳೀಬಾರದಾ? ಎಲ್ಲದರಲ್ಲೂ ಜಾತಿ ತರ್ತೀಯಲ್ಲ" ಅಂತ ಆಫೀಸಿನ ಸಹೋದ್ಯೋಗಿಯೊಬ್ಬರು ಕಾಫಿ ಕುಡೀತಾ ಕೇಳಿದರು. ತಿಳೀಬೇಕು, ಚೆನ್ನಾಗಿ ತಿಳೀಬೇಕು. ಕೊಡವರು ಸೀರೆ ನೆರಿಗೆ ಹಿಂದಕ್ಕೆ ಯಾಕೆ ಹಾಕ್ತಾರೆ, ಇಳಕಲ್ ಸೀರೆಯ ಸೆರಗನ್ನ ಒಡಲಿಗೆ ಹೆಂಗೆ ಜೋಡಿಸ್ತಾರೆ, ಕುರುಬರ ಕಂಬಳಿಗೆ ಗಂಜಿ ಯಾಕೆ ಹಾಕ್ತಾರೆ, ಇವೆಲ್ಲ ಎಷ್ಟು ಚೆಂದದ ಪಾಠ. ಅದನ್ನ ಯಾರು ಹೇಳಿಕೊಡ್ತಿದ್ದಾರೆ? ನೇಯ್ದವರು, ಬಣ್ಣ ಹಾಕಿದವರು, ಒಗೆದವರು, ಹೊಲಿದವರು ಒಬ್ಬರೂ ಟ್ರೆಡಿಷನಲ್ ಡೇಯಲ್ಲಿ ಕಾಣಲ್ಲ. ಹನ್ನೆರಡನೇ ಶತಮಾನದ ಆಸುಪಾಸಿನ ವಚನಕಾರರಲ್ಲಿ ಜೇಡರ ದಾಸಿಮಯ್ಯ ನೇಕಾರ, ಮಡಿವಾಳ ಮಾಚಿದೇವ ಬಟ್ಟೆ ಒಗೆದವನು. ಅವರ ಫೋಟೋ ಶಾಲೆ ಗೋಡೆ ಮೇಲಿದೆ, ಅವರ ಕಸುಬು ಗೋಡೆ ಮೇಲಿಲ್ಲ.

ಇಲ್ಲಿ ನಮ್ಮವರಿಗೂ ಒಂದು ಮಾತು. ನಮಗೆ ಉಡುಪಿನ ಪರಂಪರೆಯೇ ಇಲ್ಲ, ಬರೀ ನಿಷೇಧ ಇತ್ತು ಅಂತ ಹೇಳಿ ಸುಮ್ಮನಾದ್ರೆ ಅದೂ ಅರ್ಧ ಸತ್ಯವೇ. ಹಳೇ ಮೈಸೂರು ಸೀಮೆಯ ಹೊಲೆಯರಲ್ಲಿ ಮಗ್ಗದ ಹೊಲೆಯರು ಅಂತಲೇ ಒಂದು ಪಂಗಡ ಇತ್ತು. ಬ್ರಿಟಿಷರ ಕಾಲದಲ್ಲಿ ಬರೆದ ಮೈಸೂರಿನ ಜಾತಿ-ಬುಡಕಟ್ಟುಗಳ ಪುಸ್ತಕಗಳಲ್ಲಿ ಆ ಹೆಸರಿದೆ. ಒರಟು ಹತ್ತಿ ಬಟ್ಟೆ ನೇಯ್ತಿದ್ದರು, ರೈತಾಪಿ ಜನ ಉಡ್ತಿದ್ದರು. ಮಿಲ್ಲಿನ ಬಟ್ಟೆ ಬಂತು, ಅಂಥ ಮಗ್ಗಗಳು ಒಂದೊಂದಾಗಿ ನಿಂತವು, ನೇಯ್ದವರು ಕೂಲಿಗೆ ಇಳಿದರು. ಊರಿಗೆ ಬಟ್ಟೆ ಕೊಟ್ಟ ಕೇರಿಯಲ್ಲಿ ಊರಿನವರು ಬಿಟ್ಟ ಬಟ್ಟೆ ಉಟ್ಟರು. ಚಪ್ಪಲಿಯದ್ದೂ ಅದೇ ಕತೆ. ಊರಿನ ಪ್ರತಿ ಮೆಟ್ಟನ್ನೂ ಹೊಲಿದ ಮಾದಿಗರು ಅದೇ ಊರೊಳಗೆ ಮೆಟ್ಟು ಹಾಕಂಗಿರಲಿಲ್ಲ. ಇದನ್ನ ಆರನೇ ಕ್ಲಾಸಿನ ಮಗುವಿಗೆ ಹೇಳಿದ್ರೆ ಅರ್ಥ ಆಗಲ್ವಾ? ನನ್ನ ಮಗಳಿಗೆ ಅರ್ಥ ಆಯ್ತು. "ಹಂಗಾದ್ರೆ ನಾವು ನೇಯ್ದಿದ್ದು ಅಂತ ಬರೀಲಾ?" ಅಂದಳು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಶಾಲೆಗಳಲ್ಲಿರೋ ಮೇಷ್ಟ್ರು, ಟೀಚರುಗಳು ಬಹಳ ಜನ ನನ್ನ ಫ್ರೆಂಡ್‌ಲಿಸ್ಟಿನಲ್ಲಿದ್ದೀರಿ. ಈ ಸಲ ಪ್ರಾಜೆಕ್ಟಿನ ಪ್ರಶ್ನೆ ಸ್ವಲ್ಪ ಬದಲಾಯಿಸಿ ನೋಡಿ. ಮಗು ಯಾವುದಾದ್ರೂ ಒಂದೇ ಒಂದು ಬಟ್ಟೆ ಆರಿಸಿಕೊಳ್ಳಲಿ, ಮೈಸೂರು ಪೇಟವೇ ಆಗಲಿ. ಇದನ್ನ ಯಾರು ನೇಯ್ದರು, ಯಾರು ಒಗೆದರು, ಯಾರು ಉಟ್ಟರು, ಯಾರಿಗೆ ಉಡೋಕೆ ಬಿಡಲಿಲ್ಲ ಅಂತ ಮನೆಯಲ್ಲಿ ಕೇಳಿ ಬರೆಯಲಿ. ಬಾಡಿಗೆ ಬಟ್ಟೆ ತರಿಸಬೇಡಿ. ನೀಲಿ ಕೋಟಿನ ಹುಡುಗನನ್ನ ಗೇಟಿನಲ್ಲಿ ನಿಲ್ಲಿಸಬೇಡಿ. ಚಿತ್ರದ ಜಾಗ ಖಾಲಿ ಬಿಟ್ಟ ಪುಸ್ತಕಕ್ಕೆ ಕೆಂಪು ಇಂಕು ಹಾಕೋ ಮುಂಚೆ, ಯಾಕೆ ಖಾಲಿ ಅಂತ ಒಂದು ಸಲ ಮಗುವನ್ನ ಕೇಳಿ.

ಎರಡೂ ಕಾಯ್ದೆಗಳ ಆ ಸೆಕ್ಷನ್ನುಗಳ ಪ್ರತಿ ನನ್ನ ಹತ್ತಿರ ಇದೆ. ಬೇಕಾದ ಶಾಲೆಯವರು ಇನ್‌ಬಾಕ್ಸಿಗೆ ಬನ್ನಿ, ಜೆರಾಕ್ಸ್ ಮಾಡಿಸಿ ಕೊಡ್ತೀನಿ, ದುಡ್ಡು ಬೇಡ. ಕೇರಿಯ ಗೆಳೆಯರೇ, ನಿಮ್ಮ ಮನೆಯ ಅವ್ವಂದಿರು, ಅಜ್ಜಿಯರು ಇನ್ನೂ ಇದ್ದಾರೆ. ಏನು ಉಡ್ತಿದ್ರಿ, ಏನು ಉಡೋಕೆ ಬಿಡ್ತಿರಲಿಲ್ಲ, ಮೊದಲ ಹೊಸ ಬಟ್ಟೆ ಯಾವಾಗ ಬಂತು ಅಂತ ಕೇಳಿ ಕೆಳಗೆ ಬರೀರಿ. ಊರಿನ ಹೆಸರು ಹಾಕಿ, ಆದ್ರೆ ಹಳೇ ಗೌಡರ ಹೆಸರು ಹಾಕಿ ಜಗಳ ಕಟ್ಟಿಕೊಳ್ಳಬೇಡಿ. ಎಲ್ಲ ಸೇರಿಸಿ ಡಿಸೆಂಬರ್ 25ರೊಳಗೆ ಒಂದು ಸಣ್ಣ ಪುಸ್ತಕ ಮಾಡೋ ಯೋಚನೆ ಇದೆ.

ಜೈ ಭೀಮ್.